ಗದ್ದೆಗೆ ಇಳಿದ ಅಡಿಕೆ, ಉಸಿರು ಕಟ್ಟಿದ ಬೇರು: ಒಂದು ಎಕರೆಯ ಪ್ರಕರಣ ಅಧ್ಯಯನ

ಮೇಲೆ ಗುಡ್ಡ, ಕೆಳಗೆ ಹಳ್ಳ, ನಡುವೆ ಮೆಟ್ಟಿಲಿನ ಹಾಗೆ ಇಳಿದ ಮೂರು ಗದ್ದೆ. ಉದ್ದ 300 ಅಡಿ, ಅಗಲ 145 ಅಡಿ, ಅಂದರೆ ಹೆಚ್ಚುಕಡಿಮೆ ಒಂದು ಎಕರೆ. ಭತ್ತ ಗಿಟ್ಟುವುದಿಲ್ಲ, ನಾಟಿಗೆ ಜನ ಸಿಗುವುದಿಲ್ಲ ಎಂದು ಇಲ್ಲಿ ಅಡಿಕೆ ಸಸಿ ಇಟ್ಟು ಮೂರನೇ ಮಳೆಗಾಲ ಮುಗಿದಿದೆ. 9 ಅಡಿ ಅಂತರದಲ್ಲಿ 16 ಸಾಲು, ಸಾಲಿಗೆ 33, ಒಟ್ಟು 528 ಗಿಡ. ಗುಂಡಿ ಉದ್ದ, ಅಗಲ, ಆಳ ಎಲ್ಲ ಎರಡೆರಡು ಅಡಿಯದು. ಸಸಿ ಒಳ್ಳೆಯ ಮೂಲದ್ದು, ಗೊಬ್ಬರಕ್ಕೆ ಕೈ ಬಿಗಿಹಿಡಿದಿಲ್ಲ, ಬೇಸಿಗೆಗೆ ಡ್ರಿಪ್ ಇದೆ. ಆದರೂ ನವೆಂಬರ್ ಹೊತ್ತಿಗೆ ತೋಟದ ಬಹುಪಾಲು ಹಳದಿ.

ಮಲೆನಾಡಿನಲ್ಲಿ ಗದ್ದೆ ಹೋಗಿ ತೋಟವಾದ ಕಡೆಯೆಲ್ಲ ಮತ್ತೆ ಮತ್ತೆ ಕಾಣುವ ಸ್ಥಿತಿ ಇದು. ಅದನ್ನೇ ಒಂದು ಎಕರೆಯ ಅಳತೆಗೆ ಹೊಂದಿಸಿ, ಲೆಕ್ಕ ಸಮೇತ ಇಲ್ಲಿ ಇಟ್ಟಿದೆ. ಊರು, ಹೆಸರು ಬೇಕಿಲ್ಲ.

ಹಳದಿ ಶುರುವಾಗುವುದು ಕೆಳಗಿನ ಎಲೆಯಿಂದ. ಗರಿಯ ತುದಿಯಿಂದ ಬುಡದವರೆಗೆ ಒಂದೇ ಸಮ ಬಿಳಿಚಿಕೊಂಡು, ಆಮೇಲೆ ತುದಿ ಒಣಗುತ್ತದೆ. ಸುಳಿ ಹಸಿರಾಗಿಯೇ ಇದೆ, ಆದರೆ ಗಿಡ್ಡ. ಎಳೆಯ ಅಡಿಕೆಯಲ್ಲಿ ಪ್ರತಿ ಹೊಸ ಎಲೆ ಹಿಂದಿನದಕ್ಕಿಂತ ಉದ್ದ ಬರಬೇಕು. ಇಲ್ಲಿ ಈ ವರ್ಷದ ಎಲೆಯೇ ಕಳೆದ ವರ್ಷದ್ದಕ್ಕಿಂತ ಚಿಕ್ಕದು. ಬುಡದಲ್ಲಿ ಗೆಣ್ಣುಗಳು ಒಂದರ ಮೇಲೊಂದು ಒತ್ತಿಕೊಂಡಿವೆ.

ಇದಕ್ಕೆ ಮಾಡಿದ ಉಪಚಾರ ಎಲ್ಲರೂ ಮಾಡುವಂಥದ್ದೇ. ಮೊದಲ ವರ್ಷ ಏನೂ ತೊಂದರೆ ಕಾಣಲಿಲ್ಲ. ಎರಡನೇ ವರ್ಷ ಬಿಳಿಚಿದಾಗ ಯೂರಿಯಾ ಹಾಕಿದರು, ಮಳೆ ಕಡಿಮೆಯಾದ ಮೇಲೆ ಹಾಕಿದ್ದಕ್ಕೆ ಒಂದು ತಿಂಗಳು ಹಸಿರು ಬಂದು ಹೋಯಿತು. ಆಮೇಲೆ ಮೆಗ್ನೀಸಿಯಂ ಸಲ್ಫೇಟ್, ಅದರ ಮೇಲೆ ಲಘು ಪೋಷಕಾಂಶದ ಸಿಂಪಡಣೆ. ಮೂರನೇ ವರ್ಷ ಬಾಯಿಂದ ಬಾಯಿಗೆ ಒಂದೇ ಮಾತು: ‘ಹಳದಿ ರೋಗ ಬಂತು, ಕಿತ್ತು ಹಾಕಿ.’

ಕೀಳುವ ಮುಂಚೆ

ಹಳದಿ ಎಲೆ ರೋಗ ಹುಸಿ ಹೆದರಿಕೆಯಲ್ಲ. ಸುಳ್ಯ, ಶೃಂಗೇರಿ, ಕೊಪ್ಪದ ಕಡೆ ಅದು ಇಡೀ ತೋಟಗಳನ್ನೇ ತಿಂದಿದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದೆ, ಜಿಗಿಹುಳು ಹರಡುತ್ತದೆ, ಬಂದ ಗಿಡಕ್ಕೆ ಮದ್ದಿಲ್ಲ. ಹಾಗಾಗಿ ಇದು ಆ ರೋಗವೋ ಬೇರೆಯೋ ಎಂಬುದು ಮೊದಲು ತೀರ್ಮಾನವಾಗಬೇಕು. ರೋಗದ ಹಳದಿ ಎರಡು ಮೂರು ಎಲೆಗಳ ಗರಿಯ ತುದಿಯಲ್ಲಿ ಕಾಣಿಸಿಕೊಂಡು ಒಳಗೆ ಹರಡುತ್ತದೆ, ಹಸಿರು ಹಳದಿಯ ನಡುವೆ ಗೆರೆ ಎಳೆದಂತೆ ಗಡಿ ಇರುತ್ತದೆ. ಫಸಲಿನ ಮರವಾದರೆ ಅಡಿಕೆ ಉದುರುತ್ತದೆ, ಒಳಗಿನ ತಿರುಳು ಕಪ್ಪಾಗುತ್ತದೆ. ಫಸಲಿಲ್ಲದ ಮೂರು ವರ್ಷದ ಗಿಡದಲ್ಲಿ ಆ ಕುರುಹು ಸಿಗದು. ಬೇರಿನ ತುದಿ ಕಪ್ಪಾಗುವುದು ರೋಗದಲ್ಲೂ ಇದೆ, ನೀರು ನಿಂತಾಗಲೂ ಇದೆ. ಬೇರು ಕೊಳೆತಿದೆ ಎಂಬುದೊಂದನ್ನೇ ಹಿಡಿದು ಯಾವ ಕಡೆಗೂ ತೀರ್ಪು ಕೊಡುವಂತಿಲ್ಲ. ಸಂಶಯ ಉಳಿದರೆ ಎಲೆಯ ಮಾದರಿ ಪ್ರಯೋಗಾಲಯಕ್ಕೆ ಹೋಗಲಿ. ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರ ಇರುವುದೇ ಅಡಿಕೆಯ ಇಂಥ ಪ್ರಶ್ನೆಗಳಿಗೆ.

ಬೇರುಹುಳವನ್ನೂ ನೋಡಬೇಕು. ನಾಲ್ಕಾರು ಹಳದಿ ಗಿಡಗಳ ಬುಡದಲ್ಲಿ ಒಂದಡಿ ಮಣ್ಣು ಬಿಡಿಸಿದರೆ ದಪ್ಪ, ಬಿಳಿ, ಬಾಗಿದ ಹುಳ ಸಿಗುತ್ತದೆ, ಇದ್ದರೆ. ಇಲ್ಲಿ ಇರಲಿಲ್ಲ.

ಇಷ್ಟಾದ ಮೇಲೆ ಮಾಡಬೇಕಾದದ್ದು ಖರ್ಚಿಲ್ಲದ ಕೆಲಸ: ನಕ್ಷೆ. ಚೌಕಳಿ ಹಾಳೆಯಲ್ಲಿ ಗಿಡಕ್ಕೊಂದು ಮನೆ. ಹಸಿರಿಗೆ ಸೊನ್ನೆ, ಅರೆಬರೆಗೆ ಗೀಟು, ಹಳದಿಗೆ ಕತ್ತರಿ ಗುರುತು. 528 ಗಿಡಕ್ಕೆ ಒಂದು ಬೆಳಗ್ಗೆ ಸಾಕು. ಗುರುತು ಹಾಕಿ ಹಾಳೆಯನ್ನು ದೂರ ಹಿಡಿದಾಗ ಚಿತ್ರ ತಾನಾಗಿ ಎದ್ದು ಬಂತು. ಗುಡ್ಡದ ಬುಡಕ್ಕೆ ತಾಗಿದ ಮೇಲಿನ ಗದ್ದೆಯಲ್ಲಿ ಬರೀ ಕತ್ತರಿ. ಕೆಳಗಿನ ಎರಡು ಗದ್ದೆಗಳಲ್ಲಿ ಗೀಟೇ ಹೆಚ್ಚು. ಸೊನ್ನೆಗಳೆಲ್ಲ ಎರಡು ಅಡ್ಡ ಸಾಲಾಗಿ ನಿಂತಿವೆ, ಗದ್ದೆಯ ಹಳೆಯ ಬದು ಹಾಯುವ ಜಾಗದಲ್ಲೇ. ಸಸಿ ಒಂದೇ, ಗೊಬ್ಬರ ಒಂದೇ, ನೀರು ಒಂದೇ. ಬದುವಿನ ಮೇಲಿನ ಗಿಡ ಉಳಿದವಕ್ಕಿಂತ ಒಂದಡಿ ಎತ್ತರದಲ್ಲಿದೆ, ವ್ಯತ್ಯಾಸ ಅಷ್ಟೆ. ರೋಗಕ್ಕೆ ಬದು ಗೊತ್ತಾಗುವುದಿಲ್ಲ. ನೀರಿಗೆ ಗೊತ್ತಾಗುತ್ತದೆ.

ಎರಡಡಿ ಕೆಳಗೆ

ನಾಲ್ಕು ಗಿಡಗಳ ನಡುವಿನ ಖಾಲಿ ಜಾಗದಲ್ಲಿ ಎರಡೂವರೆ ಅಡಿ ಆಳಕ್ಕೆ ಅಗೆದು ಗೋಡೆ ನೋಡಿದರೆ ಮೂರು ಪದರ. ಮೇಲಿನ ಆರು ಅಂಗುಲ ಕಪ್ಪು, ಮೆದು, ಇರುವ ಬೇರೆಲ್ಲ ಅಲ್ಲೇ ಹೆಣೆದುಕೊಂಡಿದೆ. ಅದರ ಕೆಳಗೆ ಮೂರು ನಾಲ್ಕು ಅಂಗುಲ ದಪ್ಪಕ್ಕೆ ಪಿಕಾಸಿ ಬಡಿದರೆ ಟಣ್ ಎನ್ನುವ ಗಟ್ಟಿ ಪದರ. ವರ್ಷ ವರ್ಷ ಕೆಸರಿನಲ್ಲಿ ಉತ್ತು, ಹಲಗೆ ಹೊಡೆದು, ತುಳಿದು ಮಾಡಿದ್ದು ಅದು. ಭತ್ತದ ಗದ್ದೆಗೆ ನೀರು ಇಂಗದಂತೆ ತಡೆಯುವ ತಳ. ಇನ್ನೂ ಕೆಳಗೆ ಬೂದಿ-ನೀಲಿ ಬಣ್ಣದ ಜೇಡಿ, ನಡುನಡುವೆ ಸತ್ತ ಬೇರಿನ ದಾರಿಗುಂಟ ತುಕ್ಕಿನ ಗೆರೆ. ಹಿಡಿ ಮಣ್ಣು ಮೂಗಿನ ಹತ್ತಿರ ತಂದರೆ ಕೊಳೆತ ಮೊಟ್ಟೆಯ ವಾಸನೆ. ಮಣ್ಣಿನ ಕೆಂಪು ಬಣ್ಣ ಗಾಳಿ ಸೇರಿದ ಕಬ್ಬಿಣದ್ದು. ಗಾಳಿ ತಪ್ಪಿದ ಕಡೆ ಆ ಬಣ್ಣ ಇಳಿದು ಬೂದಿಯಾಗುತ್ತದೆ. ಬಣ್ಣ ನೋಡಿಯೇ ನೀರು ವರ್ಷಕ್ಕೆ ಎಷ್ಟು ಮೇಲೆ ನಿಲ್ಲುತ್ತದೆ ಎಂದು ಹೇಳಬಹುದು.

ಗಿಡ ನೆಟ್ಟ ಗುಂಡಿಯ ಕಥೆ ಇನ್ನೂ ಕೆಟ್ಟದ್ದು. ಗುದ್ದಲಿಯಲ್ಲಿ ಸವರಿದ ಜೇಡಿಯ ಗೋಡೆ ಹೆಂಚಿನಂತೆ ನಯವಾಗಿ ಮುಚ್ಚಿಕೊಂಡಿದೆ. ಒಳಗೆ ಸಡಿಲ ಮಣ್ಣು, ಗೊಬ್ಬರ, ಸುತ್ತ ನೀರು ಬಿಡದ ಗೋಡೆ. ನೆಟ್ಟಿದ್ದು ಗುಂಡಿಯಲ್ಲಿ ಎಂದುಕೊಂಡರೂ ನಿಜಕ್ಕೆ ಗಿಡ ಕೂತಿರುವುದು ತೂತಿಲ್ಲದ ಕೊಡದಲ್ಲಿ. ಮೊದಲ ವರ್ಷ ಬೇರು ಮೇಲಿನ ಅರ್ಧ ಅಡಿಯಲ್ಲೇ ಇದ್ದುದರಿಂದ ತೊಂದರೆ ಕಾಣಲಿಲ್ಲ. ಬೇರು ಕೆಳಗಿಳಿಯಬೇಕಾದ ಎರಡನೇ ವರ್ಷ ಗಿಡ ನಿಂತುಬಿಟ್ಟಿತು.

ಒಂದು ಬೇರು ಹಿಡಿದು ಎಳೆದು ನೋಡಿ. ಜೀವಂತ ಬೇರು ಗಟ್ಟಿ, ತುದಿ ಹಾಲುಬಿಳಿ. ಇಲ್ಲಿ ಎಳೆದ ಕೂಡಲೇ ಹೊರಸಿಪ್ಪೆ ತೋಳಿನಂತೆ ಕಳಚಿ ಬೆರಳಲ್ಲಿ ಉಳಿಯುತ್ತದೆ, ಒಳಗಿನ ದಾರದಂಥ ಎಳೆ ಮಾತ್ರ ಗಿಡದಲ್ಲಿ ಜೋತಾಡುತ್ತದೆ. ಗದ್ದೆಯಂಚಿನ ಹೊಂಡದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತಿತ್ತು. ಪಂಪ್‌ಸೆಟ್ಟಿನ ಡೀಸೆಲ್ ಸೋರಿದೆ ಎಂದುಕೊಂಡಿದ್ದರು. ಕಡ್ಡಿಯಲ್ಲಿ ಪೊರೆ ಕಲಕಬೇಕು: ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣದ ಪೊರೆಯಾದರೆ ಒಣಗಿದ ಬಣ್ಣದ ಚಕ್ಕೆಯಂತೆ ಒಡೆದು ಹಾಗೇ ಬಿಡಿಬಿಡಿಯಾಗಿ ನಿಲ್ಲುತ್ತದೆ. ಇದು ಒಡೆಯಿತು. ಮಣ್ಣಿನ ಒಳಗೆ ಗಾಳಿಯಿಲ್ಲದೆ ಕರಗಿದ ಕಬ್ಬಿಣ ಹೊರಬಂದು ಗಾಳಿ ಸೋಕಿದಾಗ ಕಟ್ಟುವ ಪೊರೆ ಅದು.

ಬೇರು ಉಸಿರಾಡುವ ಲೆಕ್ಕ

ಗಿಡಕ್ಕೆ ಏನು ಬೇಕು ಎಂದರೆ ಬಿಸಿಲು, ನೀರು, ಗೊಬ್ಬರ ಎಂದು ಬೆರಳು ಮಡಿಸುತ್ತೇವೆ. ಗಾಳಿಯನ್ನು ಮರೆಯುವುದು ಹಳೆಯ ಚಾಳಿ. ವಾನ್ ಹೆಲ್ಮಂಟ್ ಎಂಬ ವಿಜ್ಞಾನಿ ತೂಗಿಟ್ಟ ಮಣ್ಣಿನಲ್ಲಿ ಒಂದು ಗಿಡ ನೆಟ್ಟು ಐದು ವರ್ಷ ಬರೀ ನೀರು ಹೊಯ್ದ. 5 ಪೌಂಡಿನ ಗಿಡ 169 ಪೌಂಡಾಯಿತು, ಮಣ್ಣು ಕಡಿಮೆಯಾದದ್ದು ಎರಡು ಔನ್ಸ್ ಮಾತ್ರ. ಹಾಗಾದರೆ ನೀರೇ ಮರವಾಯಿತು ಎಂದು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ 1648ರಲ್ಲಿ ಅದು ಅಚ್ಚಾಯಿತು. ಒಣಗಿಸಿದ ಗಿಡದ ತೂಕದಲ್ಲಿ ಅರ್ಧಕ್ಕೆ ಹತ್ತಿರ ಇಂಗಾಲ, ಅದೆಲ್ಲ ಎಲೆ ಗಾಳಿಯಿಂದ ಎಳೆದುಕೊಂಡದ್ದು ಎಂಬುದು ಆತನ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಎಲೆಯ ಗಾಳಿ ಈಗ ಶಾಲೆಯ ಮಕ್ಕಳಿಗೂ ಗೊತ್ತು. ಬೇರಿನ ಗಾಳಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬೇರಿಗೆ ಹಸಿರಿಲ್ಲ, ಅಡುಗೆ ಮಾಡಲಾಗದು. ಎಲೆ ಕಳಿಸಿದ ಸಕ್ಕರೆಯನ್ನು ಆಮ್ಲಜನಕದಲ್ಲಿ ಉರಿಸಿ ಶಕ್ತಿ ಪಡೆಯುತ್ತದೆ. ಆಮ್ಲಜನಕ ಇಲ್ಲದಿದ್ದರೆ ಅಷ್ಟೇ ಸಕ್ಕರೆಯಿಂದ ಸಿಗುವ ಶಕ್ತಿ ಸುಮಾರು ಹದಿನೈದನೇ ಒಂದು ಪಾಲು. ಸಾರಜನಕ, ಪೊಟ್ಯಾಷ್ ಒಳಗೆ ಎಳೆದುಕೊಳ್ಳುವುದು ಶಕ್ತಿ ಖರ್ಚಾಗುವ ಕೆಲಸ. ತಟ್ಟೆ ತುಂಬಾ ಅನ್ನವಿದ್ದರೂ ಕೈ ಎತ್ತಲು ತ್ರಾಣವಿಲ್ಲದ ಸ್ಥಿತಿ. ಆಗ ಗಿಡ ಹಳೆಯ ಎಲೆಯ ಸಾರಜನಕವನ್ನು ಬಿಡಿಸಿ ಸುಳಿಗೆ ಸಾಗಿಸುತ್ತದೆ. ಕೆಳಗಿನ ಎಲೆ ಮೊದಲು ಹಳದಿಯಾಗುವುದು ಇದರಿಂದ.

ಒಳ್ಳೆಯ ಮಣ್ಣಿನಲ್ಲಿ ಅರ್ಧ ಭಾಗ ರಂಧ್ರ. ಅದರಲ್ಲಿ ಒಂದಿಷ್ಟು ನೀರು, ಒಂದಿಷ್ಟು ಗಾಳಿ. ಗಾಳಿಯ ಪಾಲು ಮಣ್ಣಿನ ಗಾತ್ರದ ನೂರಕ್ಕೆ ಹತ್ತಕ್ಕಿಂತ ಇಳಿದರೆ ಹೆಚ್ಚಿನ ಬೆಳೆಗಳ ಬೇರು ತಿಣುಕಲು ಶುರು. ಆಮ್ಲಜನಕ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದಲ್ಲಿ ಒಂದು ಪಾಲು. ಹಾಗಾಗಿ ರಂಧ್ರ ಪೂರ್ತಿ ನೀರು ತುಂಬಿದ ಒಂದೆರಡು ದಿನದಲ್ಲಿ ಬೇರು, ಸೂಕ್ಷ್ಮಜೀವಿ ಎರಡೂ ಸೇರಿ ಇದ್ದ ಆಮ್ಲಜನಕ ಮುಗಿಸುತ್ತವೆ. ಅದು ಮುಗಿದ ಮೇಲೆ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಹಿಡಿಯುತ್ತವೆ, ನಾವು ಹಾಕಿದ ಯೂರಿಯಾದ ಒಂದು ಪಾಲು ಅನಿಲವಾಗಿ ಮೇಲೆ ಹೋಗುತ್ತದೆ. ಜುಲೈನಲ್ಲಿ ನೀರು ನಿಂತ ತೋಟಕ್ಕೆ ಯೂರಿಯಾ ಹಾಕುವುದೆಂದರೆ ಆಕಾಶಕ್ಕೆ ಎಸೆದ ಹಾಗೆ. ನೈಟ್ರೇಟಾದ ಮೇಲೆ ಮ್ಯಾಂಗನೀಸ್, ಕಬ್ಬಿಣದ ಸರದಿ. ಕರಗಿದ ಕಬ್ಬಿಣ ಅತಿಯಾಗಿ ಬೇರಿಗೇ ಮುಳುವಾಗುತ್ತದೆ. ಕೊನೆಗೆ ಗಂಧಕ, ಮೊಟ್ಟೆಯ ವಾಸನೆ ಅದರದ್ದು.

ಹಾಗಿದ್ದರೆ ಇದೇ ಗದ್ದೆಯಲ್ಲಿ ಭತ್ತ ತಲೆಮಾರುಗಟ್ಟಲೆ ಬೆಳೆದದ್ದು ಹೇಗೆ? ಭತ್ತದ ಎಲೆಯಿಂದ ಬೇರಿನವರೆಗೆ ಒಳಗೇ ಗಾಳಿಯ ಕೊಳವೆ ಇದೆ. ಮೇಲಿನ ಗಾಳಿ ಕೆಳಗಿಳಿದು ಬೇರಿನ ಸುತ್ತಲ ಮಣ್ಣಿಗೂ ಸ್ವಲ್ಪ ಸೋರುತ್ತದೆ. ನಾಟಿ ಸಸಿ ಕಿತ್ತಾಗ ಬೇರಿಗೆ ಕಾವಿ ಬಣ್ಣ ಹತ್ತಿರುವುದು ಆ ಗಾಳಿ ಕಬ್ಬಿಣಕ್ಕೆ ಸೋಕಿ. ಅಡಿಕೆಗೆ ಅಂಥ ಅನುಕೂಲ ಇಲ್ಲ. ‘ಗದ್ದೆ ಮಣ್ಣು, ಏನು ನೆಟ್ಟರೂ ಬರತ್ತೆ’ ಎನ್ನುವ ಮಾತು ಭತ್ತದ ಅನುಭವದಿಂದ ಬಂದದ್ದು, ಅಡಿಕೆಗೆ ಹೊಂದುವುದಿಲ್ಲ.

ಜನ ಎಡವುವ ಇನ್ನೊಂದು ಕಡೆ ಬೇಸಿಗೆ. ಇದೇ ಗಿಡಗಳು ಫೆಬ್ರವರಿಯಲ್ಲಿ ಎಲ್ಲಕ್ಕಿಂತ ಮೊದಲು ಬಾಡುತ್ತವೆ. ಮಳೆಗಾಲದಲ್ಲಿ ಕೆಳಗಿನ ಬೇರು ಸತ್ತು ಉಳಿದದ್ದು ಮೇಲಿನ ಆರು ಅಂಗುಲದ್ದು. ಬಿಸಿಲಿಗೆ ಮೊದಲು ಒಣಗುವುದೂ ಆ ಆರು ಅಂಗುಲವೇ. ಒಂದಡಿ ಕೆಳಗೆ ತೇವ ಇದೆ, ಅಲ್ಲಿಗೆ ತಲುಪುವ ಬೇರಿಲ್ಲ. ಬಾಡಿದ್ದು ನೋಡಿ ನೀರು ಹೆಚ್ಚಿಸುತ್ತಾರೆ, ಗುಂಡಿಯ ತಳ ಬೇಸಿಗೆಯಲ್ಲೂ ಕೆಸರಾಗಿಯೇ ಉಳಿಯುತ್ತದೆ. ಮಳೆಗಾಲದ ಕಾಯಿಲೆಗೆ ಬೇಸಿಗೆಯಲ್ಲೂ ಅದೇ ವಿಷ.

ಕಾಲುವೆ

ಕೆಲಸ ಶುರುಮಾಡುವ ಮುಂಚೆ ನೀರು ಎಲ್ಲಿದೆ ಎಂದು ಅಳೆಯುವ ಸಾಧನ ಬೇಕು. ಎರಡಿಂಚಿನ ಪಿವಿಸಿ ಪೈಪು, 4 ಅಡಿ ಉದ್ದ. ಕೆಳಗಿನ ಎರಡೂವರೆ ಅಡಿಗೆ ಬೆರಳಿಗೊಂದರಂತೆ ಸಣ್ಣ ತೂತು ಕೊರೆದು ಸೊಳ್ಳೆಪರದೆಯ ಬಟ್ಟೆ ಸುತ್ತಿ, ಮೂರಡಿ ಮಣ್ಣಿನೊಳಗೆ, ಒಂದಡಿ ಮೇಲೆ ಇರುವ ಹಾಗೆ ನೆಡುವುದು. ಬಾಯಿಗೆ ತೆಂಗಿನ ಕರಟ ಮುಚ್ಚಿದರೆ ಮಳೆ ಬೀಳುವುದಿಲ್ಲ. ಗದ್ದೆಗೊಂದು, ಬದುವಿನ ಮೇಲೊಂದು, ಒಟ್ಟು ನಾಲ್ಕು. ಒಣ ಕೋಲು ಇಳಿಸಿ ಎಷ್ಟು ಒದ್ದೆಯಾಯಿತು ನೋಡಿದರೆ ಮಟ್ಟ ಗೊತ್ತಾಗುತ್ತದೆ. ಜೋರು ಮಳೆ ನಿಂತು 48 ಗಂಟೆಯೊಳಗೆ ನೀರು ಎರಡಡಿ ಕೆಳಗೆ ಇಳಿಯಬೇಕು, ಅದು ಗುರಿ. ಅಡಿಕೆಯ ಹೆಚ್ಚಿನ ಬೇರು ಇರುವುದು ಮೇಲಿನ ಎರಡಡಿಯಲ್ಲಿ. ಹಿಂಗಾರು ಮಳೆಯ ನಂತರ ಈ ಗದ್ದೆಗಳಲ್ಲಿ ಎರಡು ದಿನ ಕಳೆದರೂ ಕೋಲು ಅರ್ಧ ಅಡಿಯಲ್ಲೇ ಒದ್ದೆಯಾಗುತ್ತಿತ್ತು.

ಮಲೆನಾಡಿನ ಹಳೆಯ ತೋಟಗಳಲ್ಲಿ ಎರಡು ಸಾಲಿಗೊಂದು ಬಸಿಗಾಲುವೆ, ಅಲ್ಲಿನವರ ಮಾತಿನಲ್ಲಿ ‘ಕಪ್ಪು’, ಇರುವುದು ಸುಮ್ಮನೆ ಅಲ್ಲ. ಅದನ್ನೇ ಇಲ್ಲೂ ಹಾಕುವುದು. 16 ಸಾಲಿಗೆ ಒಳಗೆ 7 ಕಾಲುವೆ, ಎರಡು ಅಂಚಿಗೆ ಒಂದೊಂದು, ಒಟ್ಟು 9. ಆಗ ಪ್ರತಿ ಗಿಡಕ್ಕೂ ನಾಲ್ಕೂವರೆ ಅಡಿ ದೂರದಲ್ಲಿ ಕಾಲುವೆ ಇರುತ್ತದೆ. ಬಾಯಿ ಎರಡಡಿ, ತಳ ಒಂದಡಿ. ಆಳ ಗುಂಡಿಯ ತಳಕ್ಕಿಂತ ಅರ್ಧದಿಂದ ಒಂದಡಿ ಕೆಳಗೆ, ಅಂದರೆ ಎರಡೂವರೆಯಿಂದ ಮೂರಡಿ. ಇದಕ್ಕಿಂತ ಕಡಿಮೆ ತೆಗೆದರೆ ಮೇಲಿನ ನೀರು ಹರಿಯುತ್ತದೆ, ಗುಂಡಿಯ ನೀರು ಅಲ್ಲೇ ಇರುತ್ತದೆ. ಒಂದಡಿ ಆಳದ ಕಾಲುವೆ ತೆಗೆದು ‘ಬಸಿ ಮಾಡಿದ್ದೇವೆ’ ಎನ್ನುವ ತೋಟಗಳೇ ಹೆಚ್ಚು.

ಇಳುಕಲು 200ಕ್ಕೆ 1, ನೂರಡಿಗೆ ಅರ್ಧ ಅಡಿ. ಈ ಜಾಗದಲ್ಲಿ ಒಂದು ಗದ್ದೆಗೂ ಇನ್ನೊಂದಕ್ಕೂ ಅರ್ಧ ಅಡಿ ವ್ಯತ್ಯಾಸ, ಒಂದೊಂದು ಗದ್ದೆಯ ಉದ್ದ 100 ಅಡಿ. ಲೆಕ್ಕ ಚಂದ ಕೂಡಿತು: ಪ್ರತಿ ಗದ್ದೆಯ ಮೇಲ್ತುದಿಯಲ್ಲಿ ಎರಡೂವರೆ ಅಡಿ ಆಳ, ಕೆಳತುದಿಯಲ್ಲಿ ಮೂರಡಿ, ಮುಂದಿನ ಗದ್ದೆಯಲ್ಲಿ ಮತ್ತೆ ಎರಡೂವರೆಯಿಂದ. ತಳ ಮಾತ್ರ ಒಂದೇ ಇಳಿಜಾರಿನಲ್ಲಿ 300 ಅಡಿ ಓಡುತ್ತದೆ. ಗದ್ದೆ ಗದ್ದೆಯ ವ್ಯತ್ಯಾಸ ಇಷ್ಟಿಲ್ಲದಿದ್ದರೆ ಕೆಳಗಿನ ಗದ್ದೆಯಲ್ಲಿ ಆಳ ಹೆಚ್ಚಿಸಬೇಕಾಗುತ್ತದೆ. ಮಟ್ಟ ನೋಡಲು ಗಾರೆ ಮೇಸ್ತ್ರಿಗಳ ಪಾರದರ್ಶಕ ಪೈಪು, ಒಳಗೆ ನೀರು, ಅಷ್ಟು ಸಾಕು. ಕಣ್ಣಂದಾಜು ಗದ್ದೆಯಲ್ಲಿ ಮೋಸ ಮಾಡುತ್ತದೆ. ಚಪ್ಪಟೆ ನೆಲದಲ್ಲಿ ಅರ್ಧ ಅಡಿ ಕಣ್ಣಿಗೆ ಕಾಣುವುದೇ ಇಲ್ಲ.

ಮೊದಲು ನೋಡಬೇಕಾದ್ದು ಹಳ್ಳ. ಕಾಲುವೆಯ ತಳ ಕೊನೆಯಲ್ಲಿ ಗದ್ದೆಗಿಂತ ಮೂರಡಿ ಕೆಳಗೆ ಇರುತ್ತದೆ, ಹಳ್ಳದ ನೀರು ಜುಲೈನ ಸಾಮಾನ್ಯ ದಿನದಲ್ಲಿ ಅದಕ್ಕಿಂತ ಕೆಳಗೆ ಹರಿಯಬೇಕು. ನೆರೆ ಬಂದು ಕೆಲವು ಗಂಟೆ ಹಿಮ್ಮೆಟ್ಟಿದರೆ ಚಿಂತೆಯಿಲ್ಲ. ಹಳ್ಳವೇ ಮೇಲಿದ್ದರೆ ಆಳ ತೆಗೆದು ಪ್ರಯೋಜನವಿಲ್ಲ. ಅಲ್ಲಿ ಕಾಲುವೆ ಅಗಲ ಮಾಡಿ ಮಣ್ಣನ್ನು ಸಾಲಿನ ಮೇಲೆ ಏರಿಸಬೇಕು, ಅಥವಾ ಅಡಿಕೆಯ ಆಸೆ ಬಿಡಬೇಕು. ಹಳ್ಳದ ಕೆಳಗಿನ ಗದ್ದೆಯವರ ಜೊತೆ ಮೊದಲೇ ಮಾತಾಡಿಕೊಳ್ಳುವುದೂ ಈ ಹಂತದಲ್ಲೇ. ಒಂಬತ್ತು ಕಾಲುವೆಯ ನೀರು ಒಟ್ಟಿಗೆ ಅವರ ನಾಟಿಯ ಮೇಲೆ ಹೋದರೆ ಜಗಳ ಖಾತ್ರಿ.

ಮೇಲಿನ ಗದ್ದೆಯಲ್ಲಿ ಬರೀ ಕತ್ತರಿ ಗುರುತಿದ್ದುದು ಗುಡ್ಡದ ಒರತೆಯಿಂದ. ಆ ನೀರು ತೋಟಕ್ಕೆ ಇಳಿಯುವ ಮುಂಚೆಯೇ ಹಿಡಿಯಬೇಕು. ಗುಡ್ಡದ ಬುಡದುದ್ದಕ್ಕೆ 145 ಅಡಿ ಅಡ್ಡಗಾಲುವೆ, ಆಳ ಮೂರೂವರೆ ಅಡಿ. ಅದರ ನೀರು ಹೊರುವ ಅಂಚಿನ ಕಾಲುವೆಯನ್ನೂ ಅಲ್ಲಿಂದಲೇ ಮೂರೂವರೆ ಅಡಿಯಾಗಿ ಶುರುಮಾಡಬೇಕು, ಅದು ಹಳ್ಳ ಸೇರುವ ಬಾಯಿಯೂ ಅಷ್ಟೇ ತಗ್ಗಬೇಕು. ಉಳಿದವುಗಳಂತೆ ಎರಡೂವರೆ ಅಡಿಗೇ ನಿಲ್ಲಿಸಿದರೆ ಅಡ್ಡಗಾಲುವೆಯಲ್ಲಿ ಒಂದಡಿ ನೀರು ಸದಾ ನಿಂತು ಗುಡ್ಡದ ಒರತೆಗೆ ಕೆರೆ ಕಟ್ಟಿದಂತಾಗುತ್ತದೆ.

ಅಗೆಯುವುದು ಜನವರಿ, ಫೆಬ್ರವರಿಯಲ್ಲಿ, ಹಳ್ಳದ ಕಡೆಯಿಂದ ಮೇಲಕ್ಕೆ. ಕೆಳಗಿನಿಂದ ಬಂದರೆ ಒಸರುವ ನೀರು ತಾನೇ ಹೊರಟುಹೋಗಿ ತಳ ಕಾಣುತ್ತದೆ. ಮೇಲಿನಿಂದ ಬಂದರೆ ಕೆಸರಿನಲ್ಲಿ ಮಟ್ಟವೂ ತಪ್ಪುತ್ತದೆ, ಆಳಿನ ಸೊಂಟವೂ ಬೀಳುತ್ತದೆ. ಮಿನಿ ಹಿಟಾಚಿ ಬಳಸಬಹುದು, ನೆಲ ಒಣಗಿದ್ದರೆ ಮಾತ್ರ. ಹಸಿ ಜೇಡಿಯ ಮೇಲೆ ಅದು ಓಡಾಡಿದರೆ ಭತ್ತದ ಕಾಲದ ಗಟ್ಟಿ ಪದರಕ್ಕೆ ಇನ್ನೊಂದು ಪದರ ಸೇರಿತು ಎಂದೇ ಅರ್ಥ. ಒಂಬತ್ತು ಕಾಲುವೆ ಸೇರಿ 2,700 ಅಡಿ. ಅಡಿಗೆ ನಾಲ್ಕು ಘನ ಅಡಿಯಷ್ಟು ಮಣ್ಣೆಂದರೂ ಸುಮಾರು 11,000 ಘನ ಅಡಿ, ನೂರು ಘನ ಅಡಿಯ ಟ್ರಾಲಿಯಲ್ಲಿ 110 ಲೋಡು. ಹೊರಗೆ ಸಾಗಿಸಬೇಕಿಲ್ಲ. ಎರಡು ಸಾಲಿನ ನಡುವೆ ಹರಡಿದರೆ ಮೂರು ಮೂರೂವರೆ ಅಂಗುಲ ಏರುತ್ತದೆ, ಬೇರಿಗೆ ಅಷ್ಟು ಹೆಚ್ಚು ಒಣ ಜಾಗ ಸಿಕ್ಕ ಹಾಗೆ. ಗಿಡದ ಕುತ್ತಿಗೆಗೆ ಮಾತ್ರ ಈ ಮಣ್ಣು ಏರಿಸಬಾರದು.

ಹಳೆಯ ಗುಂಡಿಗಳ ‘ಕೊಡ’ ಒಡೆಯುವುದು ಕಾಲುವೆಯೊಂದರಿಂದ ಆಗುವುದಿಲ್ಲ. ಪ್ರತಿ ಗಿಡದಿಂದ ಹತ್ತಿರದ ಕಾಲುವೆಯ ಕಡೆಗೆ ಒಂದು ಗೀರು, ಅರ್ಧ ಅಡಿ ಅಗಲ, ಗುಂಡಿಯ ತಳದಷ್ಟು ಆಳ. ಬುಡದಿಂದ ಒಂದಡಿ ಬಿಟ್ಟು ಶುರುಮಾಡಿ, ಗುಂಡಿಯ ಗೋಡೆ ಸೀಳಿ ಕಾಲುವೆಗೆ ತೆರೆದು, ಆ ಗೀರನ್ನು ಹೊಳೆಯ ದಪ್ಪ ಮರಳು ಅಥವಾ ತೆಂಗಿನ ಸಿಪ್ಪೆಯಲ್ಲಿ ತುಂಬುವುದು. ಬೇಸರದ ಕೆಲಸ, ಕೂಲಿಯೂ ಹೆಚ್ಚು. ಕತ್ತರಿ ಗುರುತಿನ ಗಿಡಗಳಿಗಾದರೂ ಮಾಡದೆ ವಿಧಿಯಿಲ್ಲ.

ಗೊಬ್ಬರ, ಸುಣ್ಣ, ಸೊಪ್ಪು

ಮೂರನೇ ವರ್ಷದಿಂದ ಅಡಿಕೆಗೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಪೂರ್ಣ ಪ್ರಮಾಣ: ಯೂರಿಯಾ 220 ಗ್ರಾಂ, ಶಿಲಾರಂಜಕ 200, ಮ್ಯೂರಿಯೇಟ್ ಆಫ್ ಪೊಟ್ಯಾಷ್ 235. ಬೇರೇ ಇಲ್ಲದ ಗಿಡಕ್ಕೆ ಇದನ್ನೆಲ್ಲ ಸುರಿದರೆ ಹಾಳು. ಕಾಲುವೆಯಾದ ಮೊದಲ ವರ್ಷ ಅರ್ಧ ಪ್ರಮಾಣ, ಅದೂ ಸೆಪ್ಟೆಂಬರ್ ಕೊನೆಗೆ, ಮಳೆ ಇಳಿದು ಹೊಸ ಬೇರು ಬಂದಿದೆ ಎಂದು ಕಂಡ ಮೇಲೆ. ಎರಡನೇ ವರ್ಷದಿಂದ ಪೂರ್ಣ, ಫೆಬ್ರವರಿ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಎರಡು ಕಂತಿನಲ್ಲಿ. ಸೊಪ್ಪು 12 ಕೆಜಿ, ಕಾಂಪೋಸ್ಟ್ 12 ಕೆಜಿ ಪ್ರತಿ ಗಿಡಕ್ಕೆ. ಮಳೆಗಾಲದಲ್ಲಿ ಹಸಿ ಸೊಪ್ಪನ್ನು ಗುಂಡಿಯೊಳಗೆ ಹೂಳಬಾರದು; ಅದು ಕೊಳೆಯುವಾಗ ಇದ್ದ ಆಮ್ಲಜನಕವನ್ನೂ ಕುಡಿಯುತ್ತದೆ. ಮೇಲೆ ಹಾಸಿದರೆ ಸಾಕು.

ನೀರು ನಿಂತ ಮಣ್ಣಿನ ಹುಳಿ ತಾತ್ಕಾಲಿಕವಾಗಿ ತಗ್ಗಿರುತ್ತದೆ, ಬಸಿದ ಮೇಲೆ ಮಲೆನಾಡಿನ ಹುಳಿ ಮರಳಿ ಬರುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆ ಕಾಲುವೆ ತೆಗೆದ ನಂತರ ಮಾಡಿಸುವುದು ಸರಿ. ಹುಳಿ ಹೆಚ್ಚಿದ್ದರೆ ಗಿಡಕ್ಕೆ ಅರ್ಧ ಕೆಜಿ ಸುಣ್ಣ, ಯೂರಿಯಾಕ್ಕೂ ಅದಕ್ಕೂ ಮೂರು ವಾರದ ಅಂತರವಿರಲಿ. ಎರಡೂ ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯವಾಗಿ ಹಾರುತ್ತದೆ.

ಕೆಲಸದಲ್ಲಿ ತಪ್ಪಿದ್ದು

ಮೊದಲ ಜುಲೈನಲ್ಲಿ ನಡುವಿನ ಗದ್ದೆಯ ಪೈಪಿನಲ್ಲಿ ನೀರು ಇಳಿಯದೆ ಅರ್ಧ ಅಡಿಯಲ್ಲೇ ಉಳಿಯಿತು. ಕಾಲುವೆಗಳು ತೋಟದ ದಾರಿಯನ್ನು ದಾಟುವ ಕಡೆ ಒಂಬತ್ತು ಇಂಚಿನ ಮೋರಿ ಪೈಪು ಇಟ್ಟಿದ್ದರು. ಎರಡು ಪೈಪು ತಳಕ್ಕಿಂತ ಗೇಣುದ್ದ ಮೇಲೆ ಕೂತಿದ್ದವು, ಒಂದರ ಬಾಯಿಗೆ ಬಾಳೆ ಎಲೆ, ಅಡಿಕೆ ಎಲೆಯ ಬುಡದ ಹಾಳೆ ಬಂದು ಕಚ್ಚಿಕೊಂಡಿತ್ತು. ಅಡಿಕೆ ತೋಟದಲ್ಲಿ ಮೋರಿ ಪೈಪು ಯಾವತ್ತೂ ಕಟ್ಟಿಕೊಳ್ಳುತ್ತದೆ, ಹಾಳೆಯ ಆಕಾರವೇ ಹಾಗೆ. ಪೈಪು ಕಿತ್ತು, ಕಾಲುವೆ ತೆರೆದು ಬಿಟ್ಟು, ಮೇಲೆ ಎರಡು ಹಲಗೆಯ ಸಂಕ ಹಾಕಿದ ಮೇಲೆ ಸರಿಯಾಯಿತು.

ಹಿಟಾಚಿಯವರು ಒಂದು ಸಾಲಿನಲ್ಲಿ ಮಣ್ಣನ್ನು ಬುಡಕ್ಕೇ ಸುರಿದಿದ್ದರು. ಅರ್ಧ ಅಡಿ ಹಸಿ ಜೇಡಿಯ ಕೆಳಗೆ ಹೂತ ಆ ಗಿಡಗಳು ಆಗಸ್ಟ್‌ನಲ್ಲಿ ಮೊದಲಿಗಿಂತ ಕೆಟ್ಟವು, ಮಣ್ಣು ಎಳೆದು ಕುತ್ತಿಗೆ ಬಿಡಿಸಬೇಕಾಯಿತು. ಇನ್ನು ಡ್ರಿಪ್. ಬಸಿದ ನೆಲ ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಫಸಲಿನ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಲೆಕ್ಕವಾದರೆ ಈ ಗಿಡಗಳಿಗೆ ಅರ್ಧ: ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್, ಒಂದು ಗಂಟೆ. ಬುಡದಿಂದ ಒಂದೂವರೆ ಅಡಿ ಆಚೆ, ಎರಡು ಬದಿಗೆ. ಡಿಸೆಂಬರಿನ ನಂತರ ಕಾಲುವೆಗೆ ಅಲ್ಲಲ್ಲಿ ಮಣ್ಣಿನ ಕಟ್ಟೆ ಹಾಕಿ ಅರ್ಧ ಅಡಿ ನೀರು ನಿಲ್ಲಿಸಿದರೆ ತೇವ ಉಳಿಯುತ್ತದೆ. ಮೇ ಮುಗಿಯುವುದರೊಳಗೆ ಆ ಕಟ್ಟೆ ಒಡೆಯಲು ಮರೆತರೆ ಮೊದಲ ಮಳೆಗೇ ಹಳೆಯ ಕಥೆ.

ಮಳೆಗಾಲ ಕಳೆದ ಮೇಲೆ

ಹಳದಿಯಾದ ಎಲೆ ಮತ್ತೆ ಹಸಿರಾಗುತ್ತದೆ ಎಂದು ಕಾಯಬಾರದು, ಅದು ಹಾಗೇ ಒಣಗಿ ಬೀಳುತ್ತದೆ. ನೋಡಬೇಕಾದ್ದು ಹೊಸದನ್ನು. ಜೂನ್ ಶುರುವಿಗೆ ಪ್ರತಿ ಗಿಡದ ಬಿಡಿಸಿದ ಕೊನೆಯ ಎಲೆಯ ದಿಂಡಿಗೆ ಬಿಳಿ ಪೇಂಟಿನ ಚುಕ್ಕೆ ಇಟ್ಟರೆ, ಆ ಮೇಲೆ ಬಂದ ಎಲೆ ಎಷ್ಟು, ಚುಕ್ಕೆಯ ಎಲೆಗಿಂತ ಉದ್ದವೋ ಗಿಡ್ಡವೋ ಎಂದು ಲೆಕ್ಕ ಸಿಗುತ್ತದೆ. ಈ ವಯಸ್ಸಿನ ಗಿಡ ವರ್ಷಕ್ಕೆ ಬಿಡುವುದೇ ಐದಾರು ಎಲೆ. ಹಾಗಾಗಿ ಅಕ್ಟೋಬರ್‌ಗೆ ಮುಂಚೆ ತೀರ್ಪು ಹೇಳಲು ಬಾರದು. ಬೇರು ಮಾತ್ರ ಬೇಗ ಹೇಳುತ್ತದೆ: ಮಳೆ ಇಳಿದ ಹದಿನೈದು ದಿನಕ್ಕೆ ಒಂದಡಿ ಕೆಳಗೆ ಮಣ್ಣು ಬಿಡಿಸಿದಾಗ, ಹಳೆಯ ಕಪ್ಪು ಎಳೆಗಳ ನಡುವೆ ಬೆರಳು ದಪ್ಪದ ಬಿಳಿ ತುದಿಗಳು ಕಾಲುವೆಯ ಕಡೆಗೆ ಮುಖ ಮಾಡಿದ್ದವು.

ಗೀಟು ಗುರುತಿನ ಗಿಡಗಳಲ್ಲಿ ಚುಕ್ಕೆಯ ನಂತರದ ಎರಡನೇ ಎಲೆ ಉದ್ದವಾಗಿ ಬಂತು. ಕತ್ತರಿ ಗುರುತಿನವು ಎಲ್ಲ ಉಳಿಯಲಿಲ್ಲ. ಅಡಿಕೆಗೆ ಬೆಳೆಯುವ ಜಾಗ ಸುಳಿಯೊಂದೇ, ಪಕ್ಕದ ಚಿಗುರು ಎಂಬುದಿಲ್ಲ. ಸುಳಿ ಮೆಲ್ಲನೆ ಎಳೆದರೆ ಕೈಗೆ ಬಂದು ನಾರಿದರೆ ಆ ಗಿಡ ಮುಗಿಯಿತು. ಸುಳಿ ಗಟ್ಟಿ ಇದ್ದು ಮೂರು ಹಸಿರು ಎಲೆ ಇದ್ದರೆ ಇನ್ನೊಂದು ವರ್ಷ ಬಿಡಬಹುದು. ತೆಗೆದ ಜಾಗದಲ್ಲಿ ಮತ್ತೆ ಗುಂಡಿ ತೋಡಲಿಲ್ಲ. ಹಳೆಯ ಗುಂಡಿ ಮುಚ್ಚಿ, ಅದರ ಮೇಲೆ ಮೂರಡಿ ಅಗಲ, ಒಂದಡಿ ಎತ್ತರದ ದಿಬ್ಬ ಕಟ್ಟಿ, ಐದೆಲೆಯ ಸಸಿಯನ್ನು ದಿಬ್ಬದಲ್ಲೇ ಇಟ್ಟರು.

ಚೇತರಿಸಿಕೊಂಡ ಗಿಡಗಳಲ್ಲೂ ಒಂದು ಗುರುತು ಉಳಿಯುತ್ತದೆ. ಮಾವು, ಹಲಸಿನ ಹಾಗೆ ಅಡಿಕೆಯ ಕಾಂಡ ಆಮೇಲೆ ದಪ್ಪವಾಗುವುದಿಲ್ಲ. ಸುಳಿ ಯಾವ ಗಾತ್ರದಲ್ಲಿ ಬಿಟ್ಟು ಹೋಯಿತೋ ಅದೇ ಗಾತ್ರ ಕೊನೆತನಕ. ಬುಡದಿಂದ ಮೇಲೆ ಗೆಣ್ಣು ಒತ್ತಿಕೊಂಡು ಸಣ್ಣಗಾದ ಒಂದು ಪಟ್ಟಿ, ಅದರ ಮೇಲೆ ಮತ್ತೆ ದಪ್ಪಗಾದ ಕಾಂಡ. ಹತ್ತು ಹದಿನೈದು ವರ್ಷ ಕಳೆದು ಈ ಮರ ಹತ್ತುವ ಕೊನೆಗಾರನ ಕಾಲಿಗೆ ಆ ಜಾಗ ಸಿಕ್ಕೇ ಸಿಗುತ್ತದೆ.